ಕರೆಂಟು ಬಂತು, ಪ್ರಿಂಟರ್ ಮಾತ್ರ ಬರಲಿಲ್ಲ

ಚಾರ್ಮಾಡಿ ಘಾಟಿಯ ಕಡೆಯಿಂದ ಜೂನ್ ತಿಂಗಳ ಮೋಡ ಏರಿ ಬಂತೆಂದರೆ ಕೊಟ್ಟಿಗೆಹಾರ, ಬಣಕಲ್, ಜಾವಳಿ, ಬಾಳೂರು ಸುತ್ತಿನ ಮನೆಗಳಲ್ಲಿ ಕರೆಂಟನ್ನು ನಂಬುವಂತಿಲ್ಲ. ಸಿಲ್ವರ್ ಓಕ್ ಮರದ ಕೊಂಬೆ ತಂತಿಯ ಮೇಲೆ ಮುರಿದು ಬೀಳುತ್ತದೆ. ಮೆಸ್ಕಾಂ ಲೈನ್‌ಮನ್ ಮಳೆಯಲ್ಲೇ ಕಂಬ ಹತ್ತುತ್ತಾರೆ. ಅರ್ಧ ಗಂಟೆ ಬಂದ ಕರೆಂಟು ಮತ್ತೆ ಹೋಗುತ್ತದೆ. ದೀಪ, ಫ್ರಿಜ್ಜು, ಮಿಕ್ಸಿಗಳಿಗೆ ಇದರಿಂದ ಹೆಚ್ಚೇನೂ ಆಗದು. ಕರೆಂಟು ಬಂದ ಕೂಡಲೇ ಅವು ಮತ್ತೆ ಕೆಲಸಕ್ಕೆ ನಿಲ್ಲುತ್ತವೆ. ವೈಫೈ ಪ್ರಿಂಟರಿನ ವಿಷಯ ಬೇರೆ. ಅದರ ದೀಪ ಉರಿಯುತ್ತಿರುತ್ತದೆ, ಇಂಕ್ ಇರುತ್ತದೆ, ಹಾಳೆ ಇರುತ್ತದೆ. ಆದರೂ ಲ್ಯಾಪ್‌ಟಾಪಿನ ಪರದೆಯ ಮೇಲೆ ‘ಆಫ್‌ಲೈನ್’ ಎಂದು ಬರುತ್ತದೆ.

ಈ ಭಾಗದಲ್ಲಿ ಮನೆಗೊಂದು ಪ್ರಿಂಟರ್ ಬೇಕಾಗಿರುವುದಕ್ಕೆ ಕಾರಣಗಳಿವೆ. ಪಹಣಿ, ಮ್ಯುಟೇಷನ್ ಪ್ರತಿ, ಕಾಫಿ ಮಂಡಳಿಯ ಸಹಾಯಧನದ ಅರ್ಜಿ, ಆನೆ ತುಳಿದ ತೋಟಕ್ಕೆ ಪರಿಹಾರ ಕೇಳುವ ಪತ್ರ ಮತ್ತು ಅದರ ಜೊತೆ ಲಗತ್ತಿಸುವ ಫೋಟೊ, ತೋಟದ ಕೆಲಸದವರ ಸಂಬಳದ ಪಟ್ಟಿ, ಮಕ್ಕಳ ಪ್ರಾಜೆಕ್ಟು, ಹೋಂಸ್ಟೇಗೆ ಬರುವವರ ಆಧಾರ್ ಪ್ರತಿ ಎಲ್ಲಕ್ಕೂ ಹಾಳೆ ಬೇಕು. ಒಂದು ಹಾಳೆಗಾಗಿ ತೋಟದ ಕೆಸರು ದಾರಿ ಇಳಿದು ಮೂಡಿಗೆರೆಗೋ ಕಳಸಕ್ಕೋ ಹೋಗಿ ಬರುವುದು ಅರ್ಧ ದಿನದ ಕೆಲಸ. ಹೀಗಾಗಿ ಪ್ರಿಂಟ್, ಸ್ಕ್ಯಾನ್, ಕಾಪಿ ಮೂರನ್ನೂ ಮಾಡುವ ಪ್ರಿಂಟರುಗಳು ಮನೆಗಳಿಗೆ ಬಂದಿವೆ. ಅದನ್ನು ಜೋಡಿಸಿಕೊಟ್ಟ ಹುಡುಗ ಮಾತ್ರ ಪೇಟೆಯಲ್ಲಿದ್ದಾನೆ. ಮಳೆಗಾಲದಲ್ಲಿ ಅವನು ಮೇಲೆ ಬರಲು ಎರಡು ದಿನವಾದರೂ ಆಶ್ಚರ್ಯವಿಲ್ಲ. ಫೋನಿನಲ್ಲಿ ಅವನು, “ಸರ್, ಐಪಿ ಚೇಂಜ್ ಆಗಿರಬೇಕು, ಗೇಟ್‌ವೇ ನೋಡಿ, ಒಂದು ಸಲ ಡಿಎಚ್‌ಸಿಪಿ ಚೆಕ್ ಮಾಡಿ” ಎನ್ನುತ್ತಾನೆ. ಅವನು ಹೇಳುವುದು ಸರಿಯಾಗಿಯೇ ಇರುತ್ತದೆ. ಕೇಳಿಸಿಕೊಂಡವರಿಗೆ ಮಾತ್ರ ಏನು ಮಾಡಬೇಕೆಂದು ತಿಳಿಯದು.

ಆ ಪದಗಳು ಹತ್ತು ಹನ್ನೆರಡಕ್ಕಿಂತ ಹೆಚ್ಚಿಲ್ಲ. ಒಂದೊಂದೂ ಯಾವ ಕೆಲಸಕ್ಕೆ ಸಂಬಂಧಿಸಿದ್ದು ಎಂದು ತಿಳಿದುಕೊಂಡರೆ ಪ್ರಿಂಟರಿನ ಹೆಚ್ಚಿನ ರಗಳೆಗಳು ಮನೆಯಲ್ಲೇ ಮುಗಿಯುತ್ತವೆ.

ಮೊದಲ ಪರೀಕ್ಷೆ

ಪ್ರಿಂಟರ್ ಆಫ್‌ಲೈನ್ ಎಂದಾಗ ಕಂಪ್ಯೂಟರಿನ ಮುಂದೆ ಕೂರುವ ಮೊದಲು ಗಾಜಿನ ಮೇಲೆ ಒಂದು ಹಾಳೆ ಇಟ್ಟು ಕಾಪಿ ಬಟನ್ ಒತ್ತಿ ನೋಡಿ. ಕಾಪಿ ಮಾಡಲು ವೈಫೈ ಬೇಡ, ಕಂಪ್ಯೂಟರೂ ಬೇಡ; ಅದು ಪ್ರಿಂಟರಿನ ಒಳಗೇ ನಡೆಯುವ ಕೆಲಸ. ಕಾಪಿ ಸರಿಯಾಗಿ ಬಂದರೆ ಯಂತ್ರ ಗಟ್ಟಿಯಾಗಿದೆ, ತೊಂದರೆ ಇರುವುದು ಜಾಲದಲ್ಲಿ ಅಥವಾ ಕಂಪ್ಯೂಟರಿನಲ್ಲಿ. ಕಾಪಿಯೇ ಬರದಿದ್ದರೆ ರೂಟರನ್ನು ದೂರುವುದರಲ್ಲಿ ಅರ್ಥವಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರಿದ ಹಾಳೆ ಒಳಗೆ ಸಿಕ್ಕಿಕೊಳ್ಳುವುದೂ ಸಾಮಾನ್ಯ. ಅರ್ಧ ನಿಮಿಷದ ಈ ಪರೀಕ್ಷೆಯಿಂದ ಹುಡುಕಬೇಕಾದ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಒಳಗಿನ ಜಾಲ, ಹೊರಗಿನ ಜಾಲ

ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾದದ್ದು ಇದು: ಮನೆಯಲ್ಲಿರುವುದು ಎರಡು ಜಾಲ. ಹೊರಗಿನಿಂದ ಕಂಬದ ಮೇಲೆ ಹಾದು ಬರುವ ಫೈಬರ್ ಇಂಟರ್ನೆಟ್ ಕೊಡುತ್ತದೆ. ಅದು ಕಂಪನಿಯದು. ಮನೆಯೊಳಗೆ ಫೋನು, ಲ್ಯಾಪ್‌ಟಾಪು, ಟಿವಿ, ಪ್ರಿಂಟರುಗಳನ್ನು ಒಂದಕ್ಕೊಂದು ಜೋಡಿಸುವ ಜಾಲ ಇನ್ನೊಂದು. ಅದು ಪೂರ್ತಿ ನಿಮ್ಮದು. ಹೊರಗಿನದಕ್ಕೆ ವ್ಯಾನ್ ಎಂದೂ ಒಳಗಿನದಕ್ಕೆ ಲ್ಯಾನ್ ಎಂದೂ ಹೆಸರು. ಇವೆರಡರ ನಡುವೆ ನಿಂತಿರುವ ಪೆಟ್ಟಿಗೆಯೇ ರೂಟರ್. ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಒಎನ್‌ಟಿ. ಈಗಿನ ಬಹುತೇಕ ಫೈಬರ್ ಸಂಪರ್ಕಗಳಲ್ಲಿ ಒಎನ್‌ಟಿ, ರೂಟರ್, ವೈಫೈ ಮೂರೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಆದ್ದರಿಂದಲೇ ಮೂರೂ ಒಂದೇ ಎಂಬ ತಪ್ಪು ತಿಳಿವಳಿಕೆ ಹರಡಿದೆ.

ಪೆಟ್ಟಿಗೆಯ ಮೇಲಿನ ದೀಪಗಳನ್ನು ಗಮನಿಸಿ. ಎಲ್‌ಒಎಸ್ ಎಂದು ಬರೆದ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ. ಎಲ್ಲೋ ಮರ ಬಿದ್ದು ಎಳೆ ತುಂಡಾಗಿರಬಹುದು. ಯೂಟ್ಯೂಬ್ ನಡೆಯುವುದಿಲ್ಲ, ವಾಟ್ಸ್‌ಆ್ಯಪ್ ಹೋಗುವುದಿಲ್ಲ. ಆದರೆ ರೂಟರಿಗೆ ಕರೆಂಟು ಇರುವವರೆಗೆ ಒಳಗಿನ ಜಾಲ ಜೀವಂತ. ಕಂಪ್ಯೂಟರಿನಲ್ಲಿರುವ ಕಡತವನ್ನು ಪ್ರಿಂಟರಿಗೆ ಕಳಿಸಲು ಇಂಟರ್ನೆಟ್ಟಿನ ಹಂಗಿಲ್ಲ. ಪಹಣಿಯ ಪಿಡಿಎಫ್ ಒಮ್ಮೆ ಇಳಿಸಿಕೊಂಡಿದ್ದರೆ ಘಾಟಿಯಲ್ಲಿ ಲೈನು ಕಡಿದ ದಿನವೂ ಅದನ್ನು ಮುದ್ರಿಸಬಹುದು. ‘ನೆಟ್ ಇಲ್ಲ, ಪ್ರಿಂಟ್ ಆಗೋದಿಲ್ಲ’ ಎಂದು ಎಷ್ಟೋ ಜನ ಮಳೆಯಲ್ಲಿ ಪೇಟೆಗೆ ಹೊರಡುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಅದರ ಅಗತ್ಯವಿಲ್ಲ.

ಇದಕ್ಕೊಂದು ಅಪವಾದವಿದೆ. ಕೆಲವು ಮಾದರಿಗಳು ಕಂಪನಿಯ ಸರ್ವರ್ ಮೂಲಕವೇ ಕೆಲಸ ಮಾಡುತ್ತವೆ. ಮೊದಲ ಜೋಡಣೆಗೆ, ಕೆಲವೊಮ್ಮೆ ಪ್ರತಿ ಮುದ್ರಣಕ್ಕೂ ಇಂಟರ್ನೆಟ್ ಕೇಳುತ್ತವೆ. ಪೇಟೆಯ ಮನೆಗೆ ಅದು ದೊಡ್ಡ ಮಾತಲ್ಲದಿರಬಹುದು. ಘಾಟಿ ಪಕ್ಕದ ಮನೆಗೆ ಅಂಥ ಪ್ರಿಂಟರ್ ಬೇಡ. ಕೊಳ್ಳುವ ಮೊದಲು ಅಂಗಡಿಯಲ್ಲಿ, “ಇಂಟರ್ನೆಟ್ ಇಲ್ಲದೆ ಇದು ಪ್ರಿಂಟ್ ಮಾಡುತ್ತದೆಯೇ?” ಎಂದು ಕೇಳಿ, ಸ್ಪಷ್ಟ ಉತ್ತರ ಪಡೆದೇ ಹಣ ಕೊಡಿ.

ಒಳಗಿನ ಜಾಲಕ್ಕೂ ಪ್ರಿಂಟರಿಗೂ ಇರುವ ನಂಟು ಹಳೆಯದು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಆಲ್ಟೊ ಎಂಬ ಕಂಪ್ಯೂಟರುಗಳನ್ನು ಪರಸ್ಪರ ಮತ್ತು ಅಲ್ಲಿ ಆಗಷ್ಟೇ ರೂಪುಗೊಳ್ಳುತ್ತಿದ್ದ ಲೇಸರ್ ಪ್ರಿಂಟರಿಗೆ ಜೋಡಿಸಬೇಕಾಗಿತ್ತು. ಆ ಕೆಲಸಕ್ಕಾಗಿ ರಾಬರ್ಟ್ ಮೆಟ್‌ಕಾಫ್ 1973ರ ಮೇ 22ರಂದು ಬರೆದ ಟಿಪ್ಪಣಿಯಲ್ಲಿ ಈಥರ್ನೆಟ್ ಹುಟ್ಟಿತು. ಇಂದು ರೂಟರಿನ ಹಿಂಬದಿಯ ಚೌಕ ತೂತುಗಳಿಗೆ ಸಿಕ್ಕಿಸುವ ಕೇಬಲ್ಲು ಅದೇ ಈಥರ್ನೆಟ್ಟಿನ ಮುಂದುವರಿಕೆ. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅದಕ್ಕೂ ಇಪ್ಪತ್ತೆರಡು ವರ್ಷ ಮೊದಲೇ ಕಟ್ಟಡದೊಳಗೆ ಪ್ರಿಂಟರ್ ಹಂಚಿಕೊಳ್ಳುವ ದಾರಿಯನ್ನು ಮನುಷ್ಯರು ಕಂಡುಕೊಂಡಿದ್ದರು.

ವಿಳಾಸದ ವ್ಯವಹಾರ

ಕರೆಂಟು ಹೋಗಿ ಬಂದ ಮೇಲೆ ಪ್ರಿಂಟರ್ ಕಾಣೆಯಾಗುವುದಕ್ಕೆ ಮುಖ್ಯ ಕಾರಣ ವಿಳಾಸ. ಜಾಲದಲ್ಲಿರುವ ಪ್ರತಿ ಉಪಕರಣಕ್ಕೂ ಐಪಿ ವಿಳಾಸವೆಂಬ ಸಂಖ್ಯೆ ಇರುತ್ತದೆ. ಮನೆಗಳಲ್ಲಿ ಅದು ಸಾಮಾನ್ಯವಾಗಿ 192.168.1.5 ಎಂಬ ರೀತಿಯಲ್ಲಿರುತ್ತದೆ. ಹಳೆಯ ಪದ್ಧತಿಯಲ್ಲಿ ಇಡೀ ಜಗತ್ತಿಗೆ ಸಿಗುವ ಇಂಥ ವಿಳಾಸಗಳು ಸುಮಾರು 429 ಕೋಟಿ ಮಾತ್ರ. ಅವು ಎಲ್ಲರಿಗೂ ಸಾಲುವುದಿಲ್ಲ. ಆದ್ದರಿಂದ 192.168, 10 ಮೊದಲಾದ ಅಂಕಿಗಳಿಂದ ಶುರುವಾಗುವ ಕೆಲವು ಸರಣಿಗಳನ್ನು ಮನೆ, ಕಚೇರಿಗಳ ಒಳಗಿನ ಬಳಕೆಗೆಂದೇ ಮೀಸಲಿಡಲಾಗಿದೆ. 1996ರ ದಾಖಲೆಯೊಂದು ಈ ನಿಯಮವನ್ನು ಗಟ್ಟಿ ಮಾಡಿತು. ನಿಮ್ಮ ಮನೆಯ 192.168.1.5 ಪಕ್ಕದ ತೋಟದ ಮನೆಯಲ್ಲೂ ಇರಬಹುದು. ಒಂದಕ್ಕೊಂದು ಅಡ್ಡ ಬರುವುದಿಲ್ಲ.

ದೊಡ್ಡ ಎಸ್ಟೇಟುಗಳಿಗೆ ಬರುವ ಅಂಚೆಯನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಂಚೆಯವರಿಗೆ ಗೊತ್ತಿರುವುದು ಎಸ್ಟೇಟಿನ ಹೆಸರು ಮಾತ್ರ. ಕಾಗದಗಳನ್ನು ಅವರು ಆಫೀಸಿಗೆ ತಲುಪಿಸುತ್ತಾರೆ. ಯಾವ ಲೈನಿನ ಯಾವ ಮನೆಯಲ್ಲಿ ಯಾರಿದ್ದಾರೆಂದು ಬಲ್ಲವರು ಎಸ್ಟೇಟಿನ ರೈಟರು. ಮನೆ ಹಂಚುವವರೂ ಅವರೇ, ಬಂದ ಕಾಗದವನ್ನು ಸರಿಯಾದ ಮನೆಗೆ ಕಳಿಸುವವರೂ ಅವರೇ. ರೂಟರ್ ಮಾಡುವುದು ಈ ರೈಟರ ಕೆಲಸವನ್ನೇ. ಹೊರಗಿನ ಪ್ರಪಂಚಕ್ಕೆ ಮನೆಯದೊಂದೇ ವಿಳಾಸ ಕಾಣುತ್ತದೆ. ಆ ಒಂದು ವಿಳಾಸವನ್ನು ಒಳಗಿನ ಹಲವಕ್ಕೆ ಹೊಂದಿಸುವ ಕ್ರಮ ನ್ಯಾಟ್. ಒಳಗಿನ ಉಪಕರಣಗಳಿಗೆ ವಿಳಾಸ ಹಂಚುವ ಕ್ರಮ ಡಿಎಚ್‌ಸಿಪಿ. ಹೊರಗೆ ಹೋಗಬೇಕಾದದ್ದು ಹಾದುಹೋಗುವ ರೂಟರಿನ ಸ್ವಂತ ವಿಳಾಸ ಗೇಟ್‌ವೇ. ಅದು ಹೆಚ್ಚಾಗಿ 192.168.1.1 ಅಥವಾ 192.168.0.1. ಸಬ್‌ನೆಟ್ ಮಾಸ್ಕ್ ಎಂಬ 255.255.255.0 ಹೇಳುವುದು ಇಷ್ಟೇ: ಮೊದಲ ಮೂರು ಸಂಖ್ಯೆಗಳು ಒಂದೇ ಆಗಿರುವವರೆಲ್ಲ ಒಂದೇ ಮನೆಯವರು.

ಡಿಎಚ್‌ಸಿಪಿ ಕೊಡುವ ವಿಳಾಸ ಶಾಶ್ವತವಲ್ಲ, ಅವಧಿಗೆ ಕೊಟ್ಟದ್ದು. ಕರೆಂಟು ಹೋಗಿ ರೂಟರ್ ಮತ್ತೆ ಶುರುವಾದಾಗ ಹಿಂದೆ ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆನೆಂಬ ಪಟ್ಟಿ ಅದರಲ್ಲಿ ಉಳಿದಿರುತ್ತದೆ ಎನ್ನುವಂತಿಲ್ಲ. ನಿನ್ನೆ ಪ್ರಿಂಟರಿಗಿದ್ದ 192.168.1.5 ಇಂದು ಮಗಳ ಫೋನಿಗೆ ಸಿಗಬಹುದು, ಪ್ರಿಂಟರಿಗೆ 192.168.1.9 ಬರಬಹುದು. ಲ್ಯಾಪ್‌ಟಾಪು ಮಾತ್ರ ಹಳೆಯ ವಿಳಾಸಕ್ಕೇ ಕಡತ ಕಳಿಸುತ್ತಿರುತ್ತದೆ. ಅಲ್ಲಿ ಪ್ರಿಂಟರಿನ ಉತ್ತರ ಬರದೆ ‘ಆಫ್‌ಲೈನ್’ ಎನ್ನುತ್ತದೆ. ಯಾವುದೂ ಕೆಟ್ಟಿಲ್ಲ, ವಿಳಾಸ ಬದಲಾಗಿದೆ ಅಷ್ಟೇ.

ಇನ್ನೊಂದು ಸಂಖ್ಯೆಯೂ ನೆನಪಿರಲಿ. ಪ್ರಿಂಟರಿನ ವಿಳಾಸ 169.254 ಎಂದು ಶುರುವಾದರೆ ಅದು ವಿಳಾಸ ಕೇಳಿದಾಗ ಯಾರೂ ಉತ್ತರಿಸಲಿಲ್ಲ ಎಂದರ್ಥ. ಪ್ರಿಂಟರ್ ಕೆಲವು ಸೆಕೆಂಡುಗಳಲ್ಲಿ ಎದ್ದರೆ ಫೈಬರ್ ರೂಟರಿಗೆ ಒಂದೆರಡು ನಿಮಿಷ ಬೇಕು. ಆದ್ದರಿಂದ ಕರೆಂಟು ಬಂದ ಮೇಲೆ ರೂಟರಿನ ವೈಫೈ ದೀಪ ಹೊತ್ತಿಕೊಳ್ಳುವವರೆಗೆ ಕಾದು, ಆಮೇಲೆ ಪ್ರಿಂಟರನ್ನು ಆರಿಸಿ ಹಚ್ಚಿ.

ಶಾಶ್ವತ ಪರಿಹಾರವೂ ಕಷ್ಟದ್ದಲ್ಲ. ಪ್ರತಿ ಉಪಕರಣಕ್ಕೂ ಕಾರ್ಖಾನೆಯಲ್ಲೇ ಕೊಟ್ಟ ಹನ್ನೆರಡು ಅಂಕಿ-ಅಕ್ಷರಗಳ ಗುರುತು ಇರುತ್ತದೆ. ಅದು ಮ್ಯಾಕ್ ವಿಳಾಸ. ಕರೆಂಟು ಹೋದರೂ ಪ್ರಿಂಟರಿನ ಮ್ಯಾಕ್ ವಿಳಾಸ ಬದಲಾಗದು. ಪ್ರಿಂಟರಿನ ಮೆನುವಿನಲ್ಲಿ ನೆಟ್‌ವರ್ಕ್ ವಿವರದ ಹಾಳೆ ಮುದ್ರಿಸುವ ಸೌಲಭ್ಯವಿರುತ್ತದೆ. ಐಪಿ, ಮ್ಯಾಕ್ ಎರಡೂ ಅದರಲ್ಲಿ ಸಿಗುತ್ತವೆ. ಬಳಿಕ ಫೋನಿನ ಬ್ರೌಸರಿನಲ್ಲಿ ಗೇಟ್‌ವೇ ವಿಳಾಸ ಬರೆದು, ಪಾಸ್‌ವರ್ಡ್ ಕೊಟ್ಟು ರೂಟರಿನ ಒಳಪುಟಕ್ಕೆ ಹೋಗಿ. ಲ್ಯಾನ್ ಅಥವಾ ಡಿಎಚ್‌ಸಿಪಿ ವಿಭಾಗದಲ್ಲಿ ಅಡ್ರೆಸ್ ರಿಸರ್ವೇಶನ್ ಅಥವಾ ಸ್ಟಾಟಿಕ್ ಡಿಎಚ್‌ಸಿಪಿ ಎಂಬ ಕಡೆ ಆ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ಮೀಸಲಿಡಿ. ಅಲ್ಲಿಂದ ಮುಂದೆ ಎಷ್ಟು ಸಲ ಕರೆಂಟು ಹೋಗಿ ಬಂದರೂ ಪ್ರಿಂಟರಿಗೆ ಅದೇ ವಿಳಾಸ. ಕೊನೆಗೆ ಲ್ಯಾಪ್‌ಟಾಪಿನಲ್ಲೂ ಪ್ರಿಂಟರನ್ನು ಆ ವಿಳಾಸದಿಂದಲೇ ಒಮ್ಮೆ ಸೇರಿಸಿಕೊಂಡರೆ ಆಯಿತು. ರೂಟರಿಗೊಂದು 12 ವೋಲ್ಟಿನ ಪುಟ್ಟ ಯುಪಿಎಸ್ ಇಟ್ಟರೆ ಇನ್ನೂ ಒಳ್ಳೆಯದು. ಲೇಸರ್ ಪ್ರಿಂಟರನ್ನು ಮಾತ್ರ ಸಣ್ಣ ಯುಪಿಎಸ್ಸಿಗೆ ಜೋಡಿಸಬೇಡಿ. ಟೋನರ್ ಕರಗಿಸಲು ಅದರ ಹೀಟರ್ ಎಳೆಯುವ ವಿದ್ಯುತ್ತನ್ನು ಆ ಯುಪಿಎಸ್ ತಾಳಲಾರದು.

ದಪ್ಪ ಗೋಡೆಯ ಮನೆ, ಎರಡು ಬ್ಯಾಂಡ್

ಹೊಸ ರೂಟರುಗಳು ಒಂದೇ ಸಲಕ್ಕೆ ಎರಡು ಬ್ಯಾಂಡಿನಲ್ಲಿ ವೈಫೈ ಹರಡುತ್ತವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದು ನಿಧಾನ, ಆದರೆ ಗೋಡೆ ದಾಟಿ ದೂರ ಹೋಗುತ್ತದೆ. ಎರಡನೆಯದು ವೇಗ, ಆದರೆ ಗೋಡೆಗೆ ಸೋಲುತ್ತದೆ. ಮಲೆನಾಡಿನ ಹಳೆಯ ಮನೆಗಳ ಮೊಳದಗಲದ ಮಣ್ಣಿನ ಗೋಡೆ, ಕಲ್ಲಿನ ಗೋಡೆಗಳನ್ನು ಎರಡು ಮೂರು ಸಲ ದಾಟುವ ಶಕ್ತಿ 5 ಗಿಗಾಹರ್ಟ್ಸಿಗೆ ಇಲ್ಲ. ಮನೆ ಬಳಕೆಯ ಪ್ರಿಂಟರುಗಳಲ್ಲಿ ಬಹಳಷ್ಟು 2.4 ಮಾತ್ರ ಬಲ್ಲವು. ಪ್ರಿಂಟರಿನ ಪರದೆಯಲ್ಲಿ ನಿಮ್ಮ ವೈಫೈ ಹೆಸರೇ ಕಾಣದಿದ್ದರೆ ರೂಟರಿನಲ್ಲಿ 2.4 ಬ್ಯಾಂಡ್ ಚಾಲೂ ಇದೆಯೇ ನೋಡಿ. ವೈಫೈಯ ಆ ಹೆಸರನ್ನೇ ಎಸ್‌ಎಸ್‌ಐಡಿ ಎನ್ನುತ್ತಾರೆ. ಜೋಡಣೆ ಮುಗಿದ ಮೇಲೆ ಫೋನು 5ರಲ್ಲಿದ್ದು ಪ್ರಿಂಟರ್ 2.4ರಲ್ಲಿದ್ದರೂ ಚಿಂತೆಯಿಲ್ಲ, ರೂಟರ್ ಒಂದೇ ಆದರೆ ಜಾಲವೂ ಒಂದೇ.

ಹೆಸರು ಕಂಡು, ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಸೇರದಿದ್ದರೆ ಭದ್ರತೆಯ ಬಗೆಯನ್ನು ನೋಡಿ. ಡಬ್ಲ್ಯುಪಿಎ2 ಬಂದದ್ದು 2004ರಲ್ಲಿ, ಡಬ್ಲ್ಯುಪಿಎ3 2018ರಲ್ಲಿ. ರೂಟರಿನಲ್ಲಿ ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಹಳೆಯ ಪ್ರಿಂಟರುಗಳು ಒಳಗೆ ಬರಲಾರವು. ಎರಡೂ ಸೇರಿದ ಆಯ್ಕೆ ಇಟ್ಟುಕೊಳ್ಳಿ.

ಕಾಫಿ ಸೀಮೆಯಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ತೊಡಕು ಎರಡನೇ ರೂಟರಿನದು. ಬಂಗಲೆಯಲ್ಲೊಂದು ರೂಟರ್, ಕಣದ ಪಕ್ಕದ ಆಫೀಸಿಗೆ ಸಿಗ್ನಲ್ ಬರುವುದಿಲ್ಲವೆಂದು ಅಲ್ಲಿಗೆ ಕೇಬಲ್ ಎಳೆದು ಇನ್ನೊಂದು ರೂಟರ್. ಎರಡನೆಯದು ತಾನೂ ವಿಳಾಸ ಹಂಚತೊಡಗಿದರೆ ಆಫೀಸೊಂದು ಬೇರೆ ಮನೆಯಾಗುತ್ತದೆ. ಬಂಗಲೆಯಲ್ಲಿ 192.168.1 ಸರಣಿ, ಆಫೀಸಿನಲ್ಲಿ 192.168.0 ಸರಣಿ. ಇಂಟರ್ನೆಟ್ ಎರಡೂ ಕಡೆ ಬರುವುದರಿಂದ ಅನುಮಾನವೇ ಬರುವುದಿಲ್ಲ. ಬಂಗಲೆಯ ಲ್ಯಾಪ್‌ಟಾಪಿಗೆ ಆಫೀಸಿನ ಪ್ರಿಂಟರ್ ಮಾತ್ರ ಕಾಣದು. ಎರಡನೇ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಬದಲಿಸಿದರೆ ಅದು ವಿಳಾಸ ಹಂಚುವುದನ್ನು ಬಿಟ್ಟು ವೈಫೈ ಹರಡುವ ಕೆಲಸವನ್ನಷ್ಟೇ ಮಾಡುತ್ತದೆ, ಜಾಲ ಮತ್ತೆ ಒಂದಾಗುತ್ತದೆ. ಕಟ್ಟಡಗಳ ನಡುವೆ ತಾಮ್ರದ ಲ್ಯಾನ್ ಕೇಬಲ್ ಎಳೆಯುವವರು ಎರಡು ಮಾತು ನೆನಪಿಡಬೇಕು: ಅದರ ಮಿತಿ 100 ಮೀಟರ್, ಬಯಲಿನಲ್ಲಿ ಹಾದು ಬಂದ ತಾಮ್ರ ಸಿಡಿಲಿನ ಆಘಾತವನ್ನೂ ಎರಡೂ ತುದಿಯ ಉಪಕರಣಗಳಿಗೆ ತರಬಲ್ಲದು. ಏಪ್ರಿಲ್‌–ಮೇ ತಿಂಗಳ ಗುಡುಗಿನ ಮಳೆಯಲ್ಲಿ ಕರೆಂಟಿನ ಪ್ಲಗ್ ಕೀಳುವವರು ಆ ಕೇಬಲ್ಲನ್ನೂ ಕೀಳಬೇಕು. ಈ ಕೆಲಸಕ್ಕೆ ತಾಮ್ರಕ್ಕಿಂತ ಫೈಬರ್ ಕ್ಷೇಮ.

ಹೋಂಸ್ಟೇ ನಡೆಸುವವರು ಅತಿಥಿಗಳಿಗೆ ಗೆಸ್ಟ್ ನೆಟ್‌ವರ್ಕ್ ತೆರೆಯಲೇಬೇಕು. ಅದರಲ್ಲಿ ಇರುವವರಿಗೆ ಇಂಟರ್ನೆಟ್ ಸಿಗುತ್ತದೆ, ಮನೆಯ ಪ್ರಿಂಟರು, ಲ್ಯಾಪ್‌ಟಾಪುಗಳು ಕಾಣುವುದಿಲ್ಲ. ಮನೆಯವರ ಫೋನೇ ಯಾವಾಗಲೋ ಗೆಸ್ಟ್ ನೆಟ್‌ವರ್ಕಿಗೆ ಸೇರಿಕೊಂಡಿದ್ದರೆ ಅದಕ್ಕೂ ಪ್ರಿಂಟರ್ ಸಿಗದು. ಇದು ದೋಷವಲ್ಲ, ರಕ್ಷಣೆ.

ಸೇರಿಸುವ ದಾರಿಗಳು

ಪ್ರಿಂಟರನ್ನು ಜಾಲಕ್ಕೆ ಸೇರಿಸಲು ನಾಲ್ಕು ದಾರಿಗಳಿವೆ. ಮೊದಲನೆಯದು ಪ್ರಿಂಟರಿನ ಪರದೆಯಲ್ಲೋ ಫೋನಿನ ಆ್ಯಪಿನಲ್ಲೋ ವೈಫೈ ಹೆಸರು ಆರಿಸಿ ಪಾಸ್‌ವರ್ಡ್ ಕೊಡುವುದು. ಎರಡನೆಯದು ಡಬ್ಲ್ಯುಪಿಎಸ್: ರೂಟರಿನ ಬಟನ್ ಒತ್ತಿ, ಎರಡು ನಿಮಿಷದೊಳಗೆ ಪ್ರಿಂಟರಿನ ಬಟನ್ ಒತ್ತಿದರೆ ಪಾಸ್‌ವರ್ಡ್ ಇಲ್ಲದೆ ಸೇರಿಕೊಳ್ಳುತ್ತದೆ. ಇದರಲ್ಲಿ ಪಿನ್ ಬಳಸುವ ಇನ್ನೊಂದು ವಿಧಾನವಿದೆ. ಎಂಟಂಕಿಯ ಆ ಪಿನ್ನನ್ನು ಹೆಚ್ಚೆಂದರೆ 11 ಸಾವಿರ ಪ್ರಯತ್ನಗಳಲ್ಲಿ ಒಡೆಯಬಹುದೆಂದು 2011ರಲ್ಲೇ ಬಯಲಾಗಿದೆ. ಪಿನ್ ಸೌಲಭ್ಯವನ್ನು ಮುಚ್ಚಿಡಿ. ಮೂರನೆಯದು ಲ್ಯಾನ್ ಕೇಬಲ್. ಪ್ರಿಂಟರಿನಲ್ಲಿ ಅದರ ತೂತು ಇದ್ದು ರೂಟರ್ ಪಕ್ಕದಲ್ಲೇ ಇದ್ದರೆ ಇದಕ್ಕಿಂತ ನಂಬಿಗಸ್ತ ದಾರಿಯಿಲ್ಲ. ನಾಲ್ಕನೆಯದು ವೈಫೈ ಡೈರೆಕ್ಟ್: ಪ್ರಿಂಟರ್ ತಾನೇ ಒಂದು ಪುಟ್ಟ ವೈಫೈ ತೆರೆಯುತ್ತದೆ, ಫೋನು ನೇರವಾಗಿ ಅದಕ್ಕೆ ಸೇರುತ್ತದೆ. ರೂಟರೇ ಸುಟ್ಟುಹೋದ ದಿನವೂ ಕೈಹಿಡಿಯುವುದು ಇದು. ಇವು ಯಾವುದೂ ಒಗ್ಗದಿದ್ದರೆ ಯುಎಸ್‌ಬಿ ತಂತಿ ಇದ್ದೇ ಇದೆ.

ಫೋನಿನಿಂದ ಮುದ್ರಿಸಲು ಈಗ ಪ್ರತಿ ಕಂಪನಿಯ ಆ್ಯಪ್ ಬೇಕಾಗಿಲ್ಲ. ಆ್ಯಪಲ್ 2010ರಲ್ಲಿ ತಂದ ಏರ್‌ಪ್ರಿಂಟ್, 2013ರಲ್ಲಿ ಕೆಲವು ಪ್ರಿಂಟರ್ ಕಂಪನಿಗಳು ಸೇರಿ ಕಟ್ಟಿದ ಮೊಪ್ರಿಯಾ ಒಕ್ಕೂಟದ ವ್ಯವಸ್ಥೆ, ಎರಡೂ ಒಂದೇ ಜಾಲದಲ್ಲಿರುವ ಪ್ರಿಂಟರನ್ನು ತಾವೇ ಹುಡುಕಿಕೊಳ್ಳುತ್ತವೆ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಈ ಹೆಸರುಗಳನ್ನು ನೋಡಿ.

ಪ್ರಿಂಟ್ ಆಗುತ್ತದೆ, ಸ್ಕ್ಯಾನ್ ಮಾತ್ರ ಕಂಪ್ಯೂಟರಿಗೆ ಬರುವುದಿಲ್ಲ ಎಂಬ ದೂರು ಬಹಳ ಕೇಳಿಬರುತ್ತದೆ. ಮುದ್ರಣದಲ್ಲಿ ಕಂಪ್ಯೂಟರ್ ಕೊಡುತ್ತದೆ, ಪ್ರಿಂಟರ್ ತೆಗೆದುಕೊಳ್ಳುತ್ತದೆ. ಪ್ರಿಂಟರಿನ ಬಟನ್ ಒತ್ತಿ ಸ್ಕ್ಯಾನ್ ಕಳಿಸುವಾಗ ಪ್ರಿಂಟರ್ ಬಂದು ಕಂಪ್ಯೂಟರಿನ ಬಾಗಿಲು ತಟ್ಟಬೇಕು. ಕಂಪ್ಯೂಟರಿನ ಫೈರ್‌ವಾಲ್ ಅದನ್ನು ತಡೆಯಬಹುದು. ವಿಂಡೋಸ್‌ನಲ್ಲಿ ನಿಮ್ಮ ಮನೆಯ ವೈಫೈ ‘ಪಬ್ಲಿಕ್’ ಎಂದು ದಾಖಲಾಗಿದ್ದರೆ ಅದನ್ನು ‘ಪ್ರೈವೇಟ್’ ಮಾಡಿ, ಸ್ಕ್ಯಾನರಿನ ಡ್ರೈವರ್ ಕೂಡ ಹಾಕಿದ್ದೀರಾ ನೋಡಿ. ಆಗಲೂ ಬರದಿದ್ದರೆ ಕಂಪ್ಯೂಟರಿನ ಕಡೆಯಿಂದಲೇ ಸ್ಕ್ಯಾನ್ ಶುರು ಮಾಡಿ, ಹೆಚ್ಚಾಗಿ ಕೆಲಸವಾಗುತ್ತದೆ.

ಕನ್ನಡದಲ್ಲಿ ಒಂದು ಹಾಳೆ

ಕೊಟ್ಟಿಗೆಹಾರದಲ್ಲಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಅವರ ಹೆಸರಿನ ಪ್ರತಿಷ್ಠಾನವಿದೆ. ಮೂಡಿಗೆರೆಯ ತೋಟದಲ್ಲಿ ಕುಳಿತು ವಿಜ್ಞಾನವನ್ನು ಕನ್ನಡದ ಓದುಗರ ಮನೆಬಾಗಿಲಿಗೆ ತಂದವರು ಅವರು. ಕಂಪ್ಯೂಟರಿನಲ್ಲಿ ಕನ್ನಡ ಸರಾಗವಾಗಿ ನಡೆಯಬೇಕೆಂದು ಕೊನೆಯ ವರ್ಷಗಳಲ್ಲಿ ದನಿ ಎತ್ತಿದವರು. 2007ರ ಏಪ್ರಿಲ್ 5ರಂದು ಅವರು ತೀರಿಕೊಂಡ ಮೇಲೆ ಕನ್ನಡದ ಅಕ್ಷರಗಳು ಫೋನಿನಲ್ಲೂ ಸಾಮಾನ್ಯವಾದವು. ರೂಟರಿನ ಒಳಪುಟ, ಪ್ರಿಂಟರಿನ ಮೆನು, ಕೈಪಿಡಿಗಳು ಮಾತ್ರ ಇಂದಿಗೂ ಬಹುಪಾಲು ಇಂಗ್ಲಿಷಿನಲ್ಲೇ ಇವೆ. ಕೇಬಲ್ ಹಾಕಿಕೊಡುವ ಸಂಸ್ಥೆಗಳು ಸಂಪರ್ಕದ ಜೊತೆಗೆ ಕನ್ನಡದ ಒಂದು ಹಾಳೆ ಕೊಡುವುದು ಭಾರವಾದ ಕೆಲಸವಲ್ಲ. ರೂಟರಿನ ಒಳಪುಟದ ಪಾಸ್‌ವರ್ಡನ್ನು ಗ್ರಾಹಕರಿಗೆ ಕೊಡುವುದೂ ಅವರ ಕರ್ತವ್ಯ. ಹೈಸ್ಕೂಲಿನ ಕಂಪ್ಯೂಟರ್ ತರಗತಿಯಲ್ಲಿ ಈ ಪದಗಳನ್ನು ನಿಜವಾದ ರೂಟರ್ ಮುಂದಿಟ್ಟು ಕಲಿಸಿದರೆ ಪ್ರತಿ ಮನೆಯಲ್ಲೂ ಒಬ್ಬರು ತಿಳಿದವರು ಇರುತ್ತಾರೆ.

ಅಲ್ಲಿಯವರೆಗೆ ನೀವೇ ಒಂದು ಕೆಲಸ ಮಾಡಿ. ಕರೆಂಟು ಸರಿಯಿರುವ ದಿನ ನೋಡಿ ಪ್ರಿಂಟರಿನ ನೆಟ್‌ವರ್ಕ್ ಹಾಳೆ ಮುದ್ರಿಸಿಕೊಳ್ಳಿ. ವೈಫೈಯ ಹೆಸರು, ಗೇಟ್‌ವೇ, ಪ್ರಿಂಟರಿಗೆ ಮೀಸಲಿಟ್ಟ ಐಪಿ, ಮ್ಯಾಕ್ ವಿಳಾಸ, ಈ ನಾಲ್ಕನ್ನು ಕನ್ನಡದಲ್ಲಿ ಬರೆದು ಪ್ರಿಂಟರಿನ ಮುಚ್ಚಳದ ಒಳಬದಿಗೆ ಅಂಟಿಸಿ. ರೂಟರ್ ಮತ್ತು ಪ್ರಿಂಟರಿನ ಒಳಪುಟಗಳಿಗೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಮಳೆಗಾಲ ಹಿಡಿಯುವ ಮೊದಲೇ ಇಷ್ಟನ್ನು ಮಾಡಿ ಮುಗಿಸಿ.